ಒಂದೇ ನೂಲು, ಎರಡು ಸಾಲು ಸೂಜಿ

ತೊಟ್ಟಿರುವ ಬಟ್ಟೆ ಯಾವುದೆಂದು ವಿದ್ಯಾರ್ಥಿಯೊಬ್ಬನನ್ನು ಕೇಳಿದರೆ ಅವನು ‘ಹತ್ತಿ’ ಎಂದೋ ‘ಪಾಲಿಯೆಸ್ಟರ್’ ಎಂದೋ ಉತ್ತರ ಕೊಡುವನು. ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ. ವಜ್ರವೂ ಪೆನ್ಸಿಲಿನ ಗ್ರಾಫೈಟೂ ಇಂಗಾಲವೇ ಎಂಬುದನ್ನು ಪ್ರೌಢಶಾಲೆಯ ಹುಡುಗನೂ ಬಲ್ಲ. ಒಂದು ಗಾಜನ್ನು ಕೊಯ್ಯುವುದು, ಮತ್ತೊಂದು ಬೆರಳಿಗೆ ಮಸಿಯಾಗಿ ಅಂಟುವುದು. ಪರಮಾಣು ಒಂದೇ, ಜೋಡಣೆ ಬೇರೆ. ಘನವಸ್ತುಗಳ ವಿಚಾರದಲ್ಲಿ ಇಷ್ಟು ಶ್ರದ್ಧೆಯಿಂದ ಕಲಿಯುವ ಈ ತತ್ತ್ವವನ್ನು ಮೈಮೇಲಿನ ಬಟ್ಟೆಗೆ ಅನ್ವಯಿಸಿ ನೋಡುವವರು ವಿರಳ. ಅಂಗಡಿಯವನೂ ಎಳೆಯ ಹೆಸರನ್ನೇ ಹೇಳುವನು; ಉಡುಪಿಗೆ ಹೊಲಿದ ಚೀಟಿಯೂ ಸಾಮಾನ್ಯವಾಗಿ ಅದನ್ನೇ ಹೇಳುವುದು. ಆ ಎಳೆಯನ್ನು ಹೇಗೆ ಜೋಡಿಸಲಾಗಿದೆಯೆಂಬ ವಿಷಯ ಅಲ್ಲಿ ಇರುವುದಿಲ್ಲ. ಇದು ಸಣ್ಣ ಲೋಪವಲ್ಲವೆಂಬುದು ನನ್ನ ಅಭಿಪ್ರಾಯ. ಜೋಡಿ ಹೆಣಿಗೆಯ ಬಟ್ಟೆಗಳನ್ನು, ಎಂದರೆ ಉದ್ಯಮದವರು ‘ಡಬಲ್ ಜೆರ್ಸಿ’ ಎಂದು ಕರೆಯುವ ಬಟ್ಟೆಗಳನ್ನು, ಉದಾಹರಣೆಯಾಗಿ ತೆಗೆದುಕೊಂಡು ಅದನ್ನು ಇಲ್ಲಿ ಸಮರ್ಥಿಸಲು ಪ್ರಯತ್ನಿಸುವೆನು.

ಮೊದಲು ನೇಯ್ಗೆಗೂ ಹೆಣಿಗೆಗೂ ಇರುವ ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ನೇಯ್ಗೆಯಲ್ಲಿ ಹಾಸು ಮತ್ತು ಹೊಕ್ಕು ಎಂಬ ಎರಡು ವರ್ಗದ ನೂಲುಗಳು ಒಂದನ್ನೊಂದು ಲಂಬವಾಗಿ ದಾಟುವುವು. ನೂಲು ಹೆಚ್ಚುಕಡಿಮೆ ನೇರವಾಗಿಯೇ ಇರುವುದರಿಂದ ಬಟ್ಟೆಯನ್ನು ಎಳೆದರೆ ನೂಲನ್ನೇ ಎಳೆದಂತಾಗುವುದು; ಹಿಗ್ಗಲು ಅವಕಾಶ ಕಡಿಮೆ. ಹೆಣಿಗೆಯಲ್ಲಾದರೋ ಹಾಸಿಲ್ಲ, ಹೊಕ್ಕಿಲ್ಲ. ಒಂದೇ ನೂಲು ಕುಣಿಕೆಯಾಗಿ ಬಾಗಿ, ಹಿಂದಿನ ಸಾಲಿನ ಕುಣಿಕೆಯೊಳಗಿಂದ ತೂರಿ ಬರುವುದು. ಅಡ್ಡಲಾಗಿ ಕುಣಿಕೆಗಳ ಸಾಲು, ಉದ್ದಕ್ಕೆ ಕುಣಿಕೆಗಳ ಕಂಬ. ಇಂತಹ ಬಟ್ಟೆಯನ್ನು ಎಳೆದಾಗ ನೂಲು ಹಿಗ್ಗುವುದಕ್ಕೆ ಮೊದಲು ಕುಣಿಕೆಯ ಆಕಾರ ಬದಲಾಗುವುದು. ಹೆಣಿಗೆಯ ಬಟ್ಟೆ ಮೈಗೆ ಒಗ್ಗಿಕೊಳ್ಳುವ ಗುಟ್ಟೆಲ್ಲ ಇಷ್ಟೇ.

ಒಂದೇ ಸಾಲು ಸೂಜಿಗಳ ಮೇಲೆ ಹೆಣೆದ ಸಾದಾ ಬಟ್ಟೆಗೆ ಒಂದು ಪ್ರಸಿದ್ಧ ದೋಷವುಂಟು. ಕತ್ತರಿಸಿದ ಕೂಡಲೇ ಅದರ ಅಂಚುಗಳು ಸುರುಳಿ ಸುತ್ತಿಕೊಳ್ಳುವುವು: ಪಕ್ಕದ ಅಂಚುಗಳು ಹಿಂಬದಿಗೆ, ಮೇಲಿನ ಕೆಳಗಿನ ಅಂಚುಗಳು ಮುಂಬದಿಗೆ. ಹಳೆಯ ಬನಿಯನೊಂದನ್ನು ಕತ್ತರಿಸಿದವರೆಲ್ಲ ಇದನ್ನು ಕಂಡಿರುವರು. ಇದರ ಕಾರಣವನ್ನು ಭೌತಶಾಸ್ತ್ರದ ವಿದ್ಯಾರ್ಥಿ ಬೇಗ ಊಹಿಸಬಲ್ಲ. ಬಾಗಿಸಿದ ನೂಲು ಸಣ್ಣದೊಂದು ಕಮಾನುಪಟ್ಟಿ. ಅದು ನೆಟ್ಟಗಾಗಲು ಸದಾ ಹವಣಿಸುತ್ತಿರುತ್ತದೆ. ಸಾದಾ ಹೆಣಿಗೆಯಲ್ಲಿ ಎಲ್ಲ ಕುಣಿಕೆಗಳೂ ಒಂದೇ ಮುಖವಾಗಿ ತೂರಿರುವುದರಿಂದ ಈ ಹವಣಿಕೆಯೂ ಒಂದೇ ಕಡೆಗೆ ಕೂಡಿಕೊಳ್ಳುವುದು. ಕಾಯಿಸಿದ ದ್ವಿಲೋಹ ಪಟ್ಟಿ ಎರಡು ಬದಿಗಳ ಅಸಮತೆಯಿಂದ ಬಾಗುವಂತೆ ಬಟ್ಟೆಯೂ ಬಾಗುವುದು. ಅಸಮತೆಯನ್ನು ತೊಡೆದುಹಾಕಬೇಕಾದರೆ ಅರ್ಧ ಕುಣಿಕೆಗಳನ್ನು ಮುಂದಕ್ಕೂ ಅರ್ಧ ಕುಣಿಕೆಗಳನ್ನು ಹಿಂದಕ್ಕೂ ಮುಖ ಮಾಡಿಸಬೇಕು. ಯಂತ್ರದಲ್ಲಿ ಇದನ್ನು ಮಾಡಲು ಎರಡನೆಯ ಸೂಜಿಸಾಲೊಂದು ಬೇಕು. ಎರಡು ಬಟ್ಟೆಗಳನ್ನು ಅಂಟಿಸಿದ್ದರಿಂದ ‘ಡಬಲ್’ ಎಂಬ ಹೆಸರು ಬಂದಿತೆಂದು ಅನೇಕರು ಭಾವಿಸಿರುವರು. ಹಾಗಲ್ಲ, ಎರಡಾಗಿರುವುದು ಸೂಜಿಗಳ ಸಾಲು.

ಹೆಣಿಗೆಯ ಯಂತ್ರದ ಚರಿತ್ರೆಯಲ್ಲಿ ಎಲ್ಲರೂ ಹೇಳುವ ಹೆಸರು ವಿಲಿಯಂ ಲೀ. ಸಂಪ್ರದಾಯವು ಪಾದ್ರಿಯೆಂದು ವರ್ಣಿಸುವ ಈತ 1589ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಂ ಪ್ರಾಂತದ ಕಾಲ್ವರ್ಟನ್ ಎಂಬಲ್ಲಿ ಕಾಲುಚೀಲ ಹೆಣೆಯುವ ಚೌಕಟ್ಟನ್ನು ನಿರ್ಮಿಸಿದನು. ಎಲಿಜಬೆತ್ ರಾಣಿ ಅವನಿಗೆ ಸನ್ನದು ಕೊಡಲಿಲ್ಲ. ಈ ಕಥೆಯಲ್ಲಿ ನಾಟಕವಿರುವುದರಿಂದಲೋ ಏನೋ, ಆಮೇಲೆ ನೂರೆಪ್ಪತ್ತು ವರ್ಷಗಳ ಬಳಿಕ ಜೆಡಿಡಯಾ ಸ್ಟ್ರಟ್ ಮಾಡಿದ ಕೆಲಸಕ್ಕೆ ದೊರೆಯಬೇಕಾದಷ್ಟು ಗೌರವ ದೊರೆತಿಲ್ಲ. ಡರ್ಬಿಷೈರಿನ ಸ್ಟ್ರಟ್ 1758 ಮತ್ತು 1759ರಲ್ಲಿ ಸನ್ನದು ಪಡೆದ ಸಾಧನವು ಲೀಯ ಚೌಕಟ್ಟಿಗೆ ಎರಡನೆಯ ಸೂಜಿಸಾಲನ್ನು ಸೇರಿಸಿತು. ಮೊದಲನೆಯ ಸಾಲಿನ ಸೂಜಿಗಳ ಸಂದುಗಳ ನಡುವೆ ಈ ಸೂಜಿಗಳು ಬಂದು, ಕುಣಿಕೆಯನ್ನು ಹಿಡಿದು, ಎದುರು ದಿಕ್ಕಿಗೆ ತೂರಿಸುತ್ತಿದ್ದುವು. ‘ಡರ್ಬಿ ರಿಬ್’ ಎಂಬ ಹೆಸರು ಇದರಿಂದ ಬಂದಿತು. ಲೀ ಕೈಯ ಕೆಲಸವನ್ನು ಯಂತ್ರಕ್ಕೆ ವಹಿಸಿದನು. ಸ್ಟ್ರಟ್ ಬಟ್ಟೆಗೆ ಎರಡನೆಯ ಮುಖವನ್ನು ಕೊಟ್ಟನು. ಭೌತಶಾಸ್ತ್ರದ ದೃಷ್ಟಿಯಿಂದ ನನಗೆ ಎರಡನೆಯದೇ ಹೆಚ್ಚು ಆಳವಾದುದಾಗಿ ತೋರುವುದು. 1840ರ ದಶಕದಲ್ಲಿ ಲೆಸ್ಟರಿನ ಮ್ಯಾಥ್ಯೂ ಟೌನ್‌ಸೆಂಡ್ ರೂಪಿಸಿದ ಚಿಲಕದ ಸೂಜಿ ಬಂದಮೇಲೆ ಎರಡು ಸಾಲುಗಳನ್ನು ನಡೆಸುವುದು ಬಹಳ ಸುಲಭವಾಯಿತು. ಕೊಕ್ಕೆಯ ಬಾಯನ್ನು ತಾನೇ ತೆರೆದು ತಾನೇ ಮುಚ್ಚುವ ಈ ಸೂಜಿಗೆ ಬೇಕಾದ ಚಲನೆ ಒಂದೇ: ಮುಂದಕ್ಕೆ ಹೋಗುವುದು, ಹಿಂದಕ್ಕೆ ಬರುವುದು.

ಇಂದಿನ ವೃತ್ತಾಕಾರದ ಜೋಡಿ ಹೆಣಿಗೆ ಯಂತ್ರದಲ್ಲಿ ಒಂದು ಸಾಲು ಸೂಜಿಗಳು ಸಿಲಿಂಡರಿನ ಸುತ್ತಲೂ ಕೊರೆದ ತೋಡುಗಳಲ್ಲಿ ನೆಟ್ಟಗೆ ನಿಂತಿರುವುವು. ಇನ್ನೊಂದು ಸಾಲು ಅದರ ಮೇಲ್ಭಾಗದಲ್ಲಿರುವ ಡಯಲ್ ಎಂಬ ತಟ್ಟೆಯ ತೋಡುಗಳಲ್ಲಿ, ಬಂಡಿಯ ಚಕ್ರದ ಅರಗಳಂತೆ, ಮಲಗಿರುವುವು. ಸಿಲಿಂಡರ್ ಮತ್ತು ಡಯಲ್ ಜೊತೆಯಾಗಿ ತಿರುಗುತ್ತಿರುವಾಗ ಸೂಜಿಗಳ ಮೊಣಕೈಗಳು ಕ್ಯಾಮ್ ಎಂಬ ಓರೆದಾರಿಗಳನ್ನು ಹಾಯ್ದು ಏರಿಳಿಯುವುವು. ಯಂತ್ರದ ಸುತ್ತ ಅಲ್ಲಲ್ಲಿ ನೂಲನ್ನು ಉಣಿಸುವ ಫೀಡರುಗಳಿರುವುವು. ಲೆಕ್ಕ ಹಾಕಿ ನೋಡಿ: 30 ಅಂಗುಲ ವ್ಯಾಸದ, ಅಂಗುಲಕ್ಕೆ 18 ಸೂಜಿಗಳಿರುವ ಸಿಲಿಂಡರಿನ ಪರಿಧಿಯಲ್ಲಿ ಸುಮಾರು 1,700 ಸೂಜಿಗಳು ಹಿಡಿಸುವುವು, ಡಯಲಿನಲ್ಲಿಯೂ ಅಷ್ಟೇ. ಒಟ್ಟು 3,400 ಸೂಜಿಗಳು ಒಂದು ಸುತ್ತಿನಲ್ಲಿ ಹಲವು ಸಲ ಮುಂದೆ ಬಂದು ಹಿಂದೆ ಸರಿಯಬೇಕು, ಒಂದಕ್ಕೊಂದು ತಾಕಕೂಡದು.

ಈ ಎರಡು ಸಾಲುಗಳು ಪರಸ್ಪರ ಎಲ್ಲಿ ನಿಂತಿವೆ ಎಂಬುದೇ ಇಡೀ ವಿಷಯದ ಕೀಲು. ಕೋಲಾಟವನ್ನು ನೆನೆಯಿರಿ. ಒಳಗೊಂದು ವೃತ್ತ, ಹೊರಗೊಂದು ವೃತ್ತ. ಒಳವೃತ್ತದವರು ಹೊರವೃತ್ತದವರ ಸಂದುಗಳಿಗೆ ಎದುರಾಗಿ ನಿಂತರೆ ಎಲ್ಲರೂ ಒಮ್ಮೆಗೇ ಕೋಲು ಚಾಚಬಹುದು, ಯಾರಿಗೂ ಅಡ್ಡಿಯಿಲ್ಲ. ರಿಬ್ ಯಂತ್ರದ ವ್ಯವಸ್ಥೆ ಇದು: ಡಯಲಿನ ತೋಡುಗಳು ಸಿಲಿಂಡರಿನ ತೋಡುಗಳ ನಡುವೆ ಬರುವುವು. ಆದುದರಿಂದ ಒಂದೇ ಫೀಡರಿನಲ್ಲಿ ಎರಡೂ ಸಾಲುಗಳ ಎಲ್ಲ ಸೂಜಿಗಳೂ ಹೆಣೆಯಬಹುದು. ಅದೇ ಕೋಲಾಟದಲ್ಲಿ ಇಬ್ಬರೂ ಮುಖಾಮುಖಿಯಾಗಿ ನಿಂತರೆ ಒಟ್ಟಿಗೆ ಕೋಲು ಚಾಚುವಂತಿಲ್ಲ. ಒಬ್ಬನಾದ ಮೇಲೆ ಒಬ್ಬ. ಇಂಟರ್‌ಲಾಕ್ ಯಂತ್ರದಲ್ಲಿ ತೋಡುಗಳು ನೇರ ಎದುರೆದುರು ಇರುವುದರಿಂದ ಈ ಸರದಿ ಅನಿವಾರ್ಯ. ಆದಕಾರಣ ಪ್ರತಿಯೊಂದು ಸಾಲಿನಲ್ಲಿಯೂ ಉದ್ದ ಸೂಜಿ, ಗಿಡ್ಡ ಸೂಜಿ ಎಂದು ಒಂದು ಬಿಟ್ಟು ಒಂದನ್ನು ಇಟ್ಟು, ಸಿಲಿಂಡರಿನ ಉದ್ದ ಸೂಜಿಗೆ ಎದುರಾಗಿ ಡಯಲಿನ ಗಿಡ್ಡ ಸೂಜಿ ಬರುವಂತೆ ಮಾಡುವರು. ಒಂದು ಫೀಡರಿನಲ್ಲಿ ಎರಡು ಕಡೆಯ ಉದ್ದ ಸೂಜಿಗಳು, ಮುಂದಿನ ಫೀಡರಿನಲ್ಲಿ ಎರಡು ಕಡೆಯ ಗಿಡ್ಡ ಸೂಜಿಗಳು ಹೆಣೆಯುವುವು. ಅಮೆರಿಕದ ಸ್ಕಾಟ್ ಅಂಡ್ ವಿಲಿಯಮ್ಸ್ ಸಂಸ್ಥೆ ಇಂಟರ್‌ಲಾಕಿಗೆ ಸನ್ನದು ಪಡೆದುದು 1908ರಲ್ಲಿ.

ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಹೋಗಲು ಡಯಲನ್ನು ಎಷ್ಟು ತಿರುಗಿಸಬೇಕು? ಸೂಜಿಗಳ ಅಂತರದ ಅರ್ಧದಷ್ಟು. ಅಂಗುಲಕ್ಕೆ 18 ಸೂಜಿಗಳ ಯಂತ್ರದಲ್ಲಿ ಇದು 0.7 ಮಿಲಿಮೀಟರು! ಸೂಜಿಗಳನ್ನೂ ಕ್ಯಾಮ್‌ಗಳನ್ನೂ ತಕ್ಕಂತೆ ಬದಲಿಸಬೇಕೆಂಬುದು ನಿಜ. ಆದರೆ ಮೂಲ ವ್ಯತ್ಯಾಸ ಮುಕ್ಕಾಲು ಮಿಲಿಮೀಟರಿಗೂ ಕಡಿಮೆಯಾದ ಈ ಸರಿತವೇ. ಅನೇಕ ಯಂತ್ರಗಳಲ್ಲಿ ಎರಡೂ ವ್ಯವಸ್ಥೆಗಳಿಗೆ ಅವಕಾಶವಿರುತ್ತದೆ. ಅದೇ ನೂಲು, ಅದೇ ಯಂತ್ರ. ಹೊರಬರುವ ಬಟ್ಟೆಗಳಾದರೋ ಅಣ್ಣತಮ್ಮಂದಿರೆಂದು ಗುರುತಿಸಲಾಗದಷ್ಟು ಬೇರೆಬೇರೆ.

ರಿಬ್ಬಿನಲ್ಲಿ ನೂಲು ಒಂದು ಕುಣಿಕೆಯನ್ನು ಮುಂದೆ ಮಾಡಿ, ಮುಂದಿನದನ್ನು ಹಿಂದೆ ಮಾಡಿ, ಹೀಗೆ ಹೆಜ್ಜೆಹೆಜ್ಜೆಗೂ ಬಟ್ಟೆಯ ದಪ್ಪವನ್ನು ದಾಟುತ್ತದೆ. ದಾಟುವೆಡೆಯಲ್ಲಿ ನೂಲು ಬಾಗಿಯೂ ತಿರುಚಿಯೂ ಇರುವುದು. ಯಂತ್ರದ ಎಳೆತ ತಪ್ಪಿದೊಡನೆ ಆ ತುಣುಕು ಸಡಿಲಗೊಂಡು ಮುಂದಿನ ಕಂಬವನ್ನು ಹಿಂದಿನ ಕಂಬದ ಮುಂದಕ್ಕೆ ಎಳೆದುಕೊಳ್ಳುವುದು. ಕಂಬಗಳು ಒಂದರ ಮರೆಯಲ್ಲಿ ಒಂದು ಅಡಗಿದರೆ ಬಟ್ಟೆಯ ಅಗಲ ಅರ್ಧವಾಗಿ ದಪ್ಪ ಎರಡರಷ್ಟಾಗಬೇಕೆಂದು ಸಿದ್ಧಾಂತ ಹೇಳುವುದು. ವ್ಯವಹಾರದಲ್ಲಿ ಅಗಲವು ನೂರಕ್ಕೆ 30ರಷ್ಟು ಕುಗ್ಗುವುದು ಸಾಮಾನ್ಯ. ಹೀಗೆ ಅಡಗಿಸಿಟ್ಟ ಅಗಲವೇ ರಿಬ್ಬಿನ ಬಂಡವಾಳ. ಟೀ ಶರಟಿನ ಕೊರಳಪಟ್ಟಿ ತಲೆಯನ್ನು ಒಳಬಿಟ್ಟು ಮತ್ತೆ ಕೊರಳಿಗೆ ಕೂಡುವುದು ಈ ಬಂಡವಾಳದ ಬಲದಿಂದ. ಮಡಿಸಿದ ಬೀಸಣಿಗೆಯನ್ನು ಬಿಡಿಸಿ ಮುಚ್ಚಿದಂತೆ ಎಂದರೆ ಸರಿಯಾದೀತು. ನೂಲು ಉದ್ದವಾಗುವುದೇ ಇಲ್ಲ.

ಇಂಟರ್‌ಲಾಕಿನಲ್ಲಿ ಈ ಬೀಸಣಿಗೆಗೆ ಬೀಗ ಹಾಕಿದಂತಾಗಿದೆ. ಅದು ವಸ್ತುತಃ ಒಂದರೊಳಗೊಂದು ಹೆಣೆದುಕೊಂಡ ಎರಡು ರಿಬ್‌ಗಳು. ಒಂದನೆಯ ನೂಲು ದಾಟುವ ಎಡೆಯಲ್ಲಿಯೇ ಎರಡನೆಯ ನೂಲು ಅದನ್ನು ಅಡ್ಡಹಾಯುವುದು. ಮುಂದಿನ ಕಂಬದ ಬೆನ್ನಿಗೆ ಸರಿಯಾಗಿ ಹಿಂದಿನ ಕಂಬ ನಿಂತಿರುವುದರಿಂದ ಎಷ್ಟು ಎಳೆದರೂ ಸಂದು ಬಿಟ್ಟು ಹಿಂಬದಿಯ ಮುಖವನ್ನು ತೋರಿಸುವುದಿಲ್ಲ. ಎರಡು ಬದಿಗಳೂ ನಯ. ಅಂಚು ಸುರುಳಿ ಸುತ್ತುವುದಿಲ್ಲ. ಕತ್ತರಿಸಲು, ಹೊಲಿಯಲು ಹಿತ. ಕೂಸುಗಳ ಅಂಗಿಗೆ ಇದನ್ನು ಮೆಚ್ಚುವರು. ಆದರೆ ಇದಕ್ಕೆ ಬೆಲೆ ತೆರಬೇಕು. ಒಂದು ಪೂರ್ಣ ಸಾಲಿಗೆ ಎರಡು ಫೀಡರುಗಳು ಬೇಕು. ಬಟ್ಟೆ ಸಮಾನ ಗೇಜಿನ ರಿಬ್ಬಿಗಿಂತ ಭಾರವೂ ಕಿರಿದೂ ಆಗುವುದು. ಅದನ್ನು ಹಗುರಗೊಳಿಸಲು ಸಣ್ಣನೆಯ, ಮೇಲ್ದರ್ಜೆಯ, ಆದುದರಿಂದ ದುಬಾರಿಯ ನೂಲು ಬೇಕಾಗುವುದು. 30 ಅಂಗುಲ ವ್ಯಾಸದ ಸಿಲಿಂಡರಿನ ಪರಿಧಿ 94 ಅಂಗುಲ; ಅದರಿಂದ ಇಳಿದ ಇಂಟರ್‌ಲಾಕು ಸಂಸ್ಕರಣದ ನಂತರ 60ರಿಂದ 66 ಅಂಗುಲ ಅಗಲದಲ್ಲಿ ನಿಲ್ಲುವುದು. ರಿಬ್ಬಿನಂತೆ ಇದೂ ಕೊನೆಯಲ್ಲಿ ಹೆಣೆದ ತುದಿಯಿಂದ ಮಾತ್ರ ಬಿಚ್ಚಿಕೊಳ್ಳುವುದು. ಸಾದಾ ಹೆಣಿಗೆಯಾದರೆ ಎರಡು ತುದಿಗಳಿಂದಲೂ ಬಿಚ್ಚಬಹುದು.

ಈ ಎರಡು ಮೂಲಗಳಿಂದ ಉಳಿದ ಜೋಡಿ ಹೆಣಿಗೆಗಳು ಕವಲೊಡೆದಿವೆ. ಇಂಟರ್‌ಲಾಕ್ ವ್ಯವಸ್ಥೆಯಲ್ಲಿ ಎರಡು ಫೀಡರುಗಳಿಂದ ಇಂಟರ್‌ಲಾಕ್ ಸಾಲೊಂದನ್ನು ಹೆಣೆದು, ಮೂರನೆಯ ಫೀಡರಿನಲ್ಲಿ ಡಯಲಿನ ಎಲ್ಲ ಸೂಜಿಗಳಿಂದಲೂ, ನಾಲ್ಕನೆಯದರಲ್ಲಿ ಸಿಲಿಂಡರಿನ ಎಲ್ಲ ಸೂಜಿಗಳಿಂದಲೂ ಸಾದಾ ಸಾಲುಗಳನ್ನು ಹೆಣೆದರೆ ‘ಪುಂಟೊ ದಿ ರೋಮಾ’ ಎಂಬ ಬಟ್ಟೆಯಾಗುವುದು. ಸಾದಾ ಸಾಲುಗಳ ನೂಲು ಒಂದು ಬದಿಯಲ್ಲಿಯೇ ಇರುವುದರಿಂದ ಎರಡರ ನಡುವೆ ಸಣ್ಣ ಚೀಲದಂತಹ ಬಿಡುವು ಉಳಿಯುವುದು. ಈ ಸಾಲುಗಳೇ ಅಗಲದ ಹಿಗ್ಗನ್ನು ತಡೆಯುವುವು. ಆದಕಾರಣ ಪುಂಟೊ ಬಟ್ಟೆ ನೇಯ್ದ ಬಟ್ಟೆಯ ಗಾಂಭೀರ್ಯಕ್ಕೆ ಹತ್ತಿರ ಬರುವುದು. ಕೋಟು, ಲಂಗಗಳಿಗೆ ಇದನ್ನು ಬಳಸುವರು. ಇದೇ ಉಪಾಯವನ್ನು ರಿಬ್ ವ್ಯವಸ್ಥೆಯಲ್ಲಿ ಪ್ರಯೋಗಿಸಿ, ಒಂದು ರಿಬ್ ಸಾಲಿನ ಮೇಲೆ ಎರಡು ಬದಿಗಳಿಗೂ ಒಂದೊಂದು ಸಾದಾ ಸಾಲನ್ನು ಇಟ್ಟರೆ ಮೂರು ಫೀಡರುಗಳ ‘ಮಿಲಾನೊ ರಿಬ್’. ಇಂಟರ್‌ಲಾಕಿಗೆ ಪುಂಟೊ ಹೇಗೋ ರಿಬ್ಬಿಗೆ ಮಿಲಾನೊ ಹಾಗೆ. ಒಂದೇ ಬದಿಗೆ ಸಾದಾ ಸಾಲನ್ನಿಟ್ಟು ನಿಲ್ಲಿಸಿದರೆ ಅರ್ಧ ಮಿಲಾನೊ; ಅದರ ಎರಡು ಮುಖಗಳು ಸಮನಾಗಿರುವುದಿಲ್ಲ. ಡಯಲಿನ ಸೂಜಿಗಳನ್ನು ಒಂದು ಬಿಟ್ಟು ಒಂದರಂತೆ ಸರದಿಯ ಮೇಲೆ ದುಡಿಸುವ ‘ಡಬಲ್ ಪಿಕೆ’ ಬಟ್ಟೆಗಳೂ ರಿಬ್ ವ್ಯವಸ್ಥೆಯವೇ. ಅವುಗಳಲ್ಲಿ ಸ್ವಿಸ್, ಫ್ರೆಂಚ್ ಎಂಬ ಎರಡು ಬಗೆಗಳಿಗೆ ಹೆಣೆಯುವ ಕ್ರಮದಲ್ಲಷ್ಟೇ ಭೇದ. ಸ್ವಿಸ್ ಸ್ವಲ್ಪ ಬಿಗಿ. ನಗರ, ದೇಶಗಳ ಈ ಹೆಸರುಗಳಿಂದ ವಿದ್ಯಾರ್ಥಿಗೆ ತಿಳಿವಳಿಕೆಯೇನೂ ಹೆಚ್ಚುವುದಿಲ್ಲ. ಅವುಗಳನ್ನು ಕಂಠಪಾಠ ಮಾಡುವುದಕ್ಕಿಂತ ಸೂಜಿಗಳ ಸ್ಥಾನವನ್ನು ಬಿಂದುಗಳಿಂದ ಬರೆದು, ನೂಲಿನ ದಾರಿಯನ್ನು ಗೆರೆಯಿಂದ ಎಳೆದು ನೋಡುವುದು ಲೇಸು.

ಯಂತ್ರದ ಆಯ್ಕೆಯಲ್ಲಿ ಹಣದ ಪ್ರಶ್ನೆಯೂ ಉಂಟು. 72 ಫೀಡರುಗಳಿರುವ ಒಂದು ಯಂತ್ರವನ್ನು ಊಹಿಸಿಕೊಳ್ಳಿ. ಒಂದು ಸುತ್ತಿಗೆ ಅದು ರಿಬ್ಬಾದರೆ 72 ಸಾಲು ಹೆಣೆಯುವುದು, ಇಂಟರ್‌ಲಾಕಾದರೆ 36, ಮಿಲಾನೊ ಆದರೆ 24 ಆವರ್ತಗಳು, ಪುಂಟೊ ಆದರೆ 18. ಬಟ್ಟೆ ಅಲುಗದಂತೆ ನಿಲ್ಲಬೇಕಾದಷ್ಟೂ ಯಂತ್ರ ಹೆಚ್ಚು ಸುತ್ತಬೇಕು.

ಇನ್ನೊಂದು ಸೂಕ್ಷ್ಮವನ್ನು ಇಲ್ಲಿ ಹೇಳದೆ ಬಿಡಲಾಗದು. ಕುಣಿಕೆಯ ಉದ್ದವನ್ನು ನಿರ್ಧರಿಸುವುದು ಸೂಜಿ ಕೆಳಗಿಳಿಯುವ ಆಳವೆಂದು ಮೊದಲ ನೋಟಕ್ಕೆ ತೋರುವುದು. ಆದರೆ ನೂಲು ಸೂಜಿಯಿಂದ ಸೂಜಿಗೆ ಸುತ್ತಿಕೊಂಡು ಬರಬೇಕಲ್ಲವೆ? ಬಾವಿಯ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿದರೆ ಎಷ್ಟು ದೊಡ್ಡ ಭಾರವನ್ನಾದರೂ ಒಂದು ಕೈಯಲ್ಲಿ ತಡೆಯಬಹುದು. ಎಳೆತವು ಸುತ್ತಿದ ಕೋನದೊಡನೆ ಘಾತೀಯವಾಗಿ ಏರುವುದೇ ಇದಕ್ಕೆ ಕಾರಣ. ಘರ್ಷಣಾಂಕ 0.25 ಎಂದಿಟ್ಟುಕೊಂಡರೆ ಅರ್ಧ ಸುತ್ತಿಗೆ ಎಳೆತ 2.2ರಷ್ಟಾಗುವುದು, ಮೂರು ಅರ್ಧಸುತ್ತುಗಳಿಗೆ ಸುಮಾರು 10.5ರಷ್ಟು. 2 ಗ್ರಾಂ ತೂಕದ ಎಳೆತದಿಂದ ಯಂತ್ರವನ್ನು ಹೊಕ್ಕ ನೂಲು ಮೂರು ಸೂಜಿಗಳಾಚೆ 21 ಗ್ರಾಂ ಎಳೆತವನ್ನು ಕೇಳುವುದು. ಆಗ ಇಳಿಯುತ್ತಿರುವ ಸೂಜಿ ದೂರದ ಉಂಡೆಯಿಂದ ನೂಲನ್ನು ತರಿಸಿಕೊಳ್ಳುವ ಬದಲು, ಆಗಲೇ ಕುಣಿಕೆ ಮುಗಿಸಿ ಮೇಲೇಳುತ್ತಿರುವ ನೆರೆಯ ಸೂಜಿಯಿಂದ ಕಸಿದುಕೊಳ್ಳುವುದು. ನ್ಯಾಪ್ಟನ್ ಮತ್ತು ಮಂಡನ್ ಎಂಬ ಸಂಶೋಧಕರು 1966ರಲ್ಲಿ ಈ ಕಸಿಯುವಿಕೆಯನ್ನು ವಿಶದವಾಗಿ ವಿವರಿಸಿದರು. ಸೂಜಿಯ ಆಳವನ್ನು ಎಷ್ಟು ನಿಖರವಾಗಿ ಇಟ್ಟರೂ ನೂಲಿನ ಎಳೆತ ಬದಲಾದರೆ ಕುಣಿಕೆಯ ಉದ್ದ ಬದಲಾಗುವುದೆಂದು ಇದರಿಂದ ತಿಳಿದುಬಂದಿತು. ಇದನ್ನು ನಿವಾರಿಸಲು, ಸುತ್ತಿಗಿಷ್ಟು ಉದ್ದವೆಂದು ಪಟ್ಟಿಯ ಮೂಲಕ ಅಳೆದು ನೂಲನ್ನು ಉಣಿಸುವ ಏರ್ಪಾಡು ಬಳಕೆಯಲ್ಲಿದೆ.

ರಿಬ್ ಯಂತ್ರದವರು ಈ ಕಸಿಯುವಿಕೆಯನ್ನು ಶತ್ರುವೆಂದು ಬಗೆಯದೆ ಕೆಲಸಕ್ಕೆ ಹಚ್ಚಿದರು. ಡಯಲಿನ ಸೂಜಿಗಳು ಸಿಲಿಂಡರಿನ ಸೂಜಿಗಳಿಗಿಂತ ಕೆಲವು ಹೆಜ್ಜೆ ತಡವಾಗಿ ಕುಣಿಕೆ ಮುಗಿಸುವಂತೆ ಕ್ಯಾಮನ್ನು ಸರಿಸಿದರೆ, ಡಯಲಿನ ಕುಣಿಕೆಗಳು ತಮಗೆ ಬೇಕಾದ ನೂಲನ್ನು ಸಿಲಿಂಡರಿನ ಕುಣಿಕೆಗಳಿಂದಲೇ ಎಳೆದುಕೊಳ್ಳುವುವು. ಬಟ್ಟೆ ಬಿಗಿಯಾಗಿಯೂ ಸಮನಾಗಿಯೂ ಬರುವುದು. ಆದರೆ ಎಳೆದುಕೊಳ್ಳಲು ಪಕ್ಕದಲ್ಲಿ ಸಿಲಿಂಡರಿನ ಕುಣಿಕೆಗಳು ಕ್ರಮವಾಗಿ ಇರಬೇಕು. ಚಿತ್ತಾರಕ್ಕಾಗಿ ಸೂಜಿಗಳನ್ನು ಅಲ್ಲಲ್ಲಿ ಆರಿಸಿ ಹೆಣೆಯುವಾಗ ಈ ತಂತ್ರ ನಡೆಯದು; ಆಗ ಎರಡು ಸಾಲುಗಳೂ ಏಕಕಾಲಕ್ಕೆ ಇಳಿಯಬೇಕು. ಘರ್ಷಣೆಯ ಬಗ್ಗೆ ಇದಕ್ಕಿಂತ ಸೊಗಸಾದ ಪಾಠವನ್ನು ನಮ್ಮ ಪಠ್ಯಪುಸ್ತಕಗಳಲ್ಲಿ ನಾನು ಕಂಡಿಲ್ಲ. ಓರೆಹಲಗೆಯ ಮೇಲೆ ಮರದ ದಿಮ್ಮಿ ಜಾರುವುದನ್ನು ಎಷ್ಟು ಕಾಲ ನೋಡುತ್ತಿರುವುದು!

ಜೋಡಿ ಹೆಣಿಗೆಗೆ ಒಮ್ಮೆ ಕೆಟ್ಟ ಹೆಸರೂ ಬಂದಿತ್ತು. ವಿನ್‌ಫೀಲ್ಡ್ ಮತ್ತು ಡಿಕ್ಸನ್ ಇಂಗ್ಲೆಂಡಿನಲ್ಲಿ 1941ರಲ್ಲಿ ಕಂಡುಹಿಡಿದ ಪಾಲಿಯೆಸ್ಟರ್ ಎಳೆಯನ್ನು ಉಬ್ಬುನೂಲಾಗಿ ಮಾರ್ಪಡಿಸಿ, ‘ಕ್ರಿಂಪ್ಲೀನ್’ ಎಂಬ ಹೆಸರಿನಿಂದ 1960ರ ದಶಕದಲ್ಲಿ ಅಲ್ಲಿ ಮಾರಲಾಯಿತು. ಅದರಿಂದ ಜೋಡಿ ಹೆಣಿಗೆಯ ಉಡುಪುಗಳು ರಾಶಿರಾಶಿಯಾಗಿ ತಯಾರಾದುವು. ಸುಕ್ಕಿಲ್ಲ, ಇಸ್ತ್ರಿ ಬೇಕಿಲ್ಲ, ಒಗೆದರೆ ಕುಗ್ಗುವುದಿಲ್ಲ, ಜನ ಮುಗಿಬಿದ್ದರು. 1970ರ ದಶಕ ಸಾಗಿದಂತೆ ಅಷ್ಟೇ ಬೇಗ ಬೇಸತ್ತು ಬಿಟ್ಟರು. ಹತ್ತಿ ತನ್ನ ತೂಕದಲ್ಲಿ ನೂರಕ್ಕೆ 7–8ರಷ್ಟು ತೇವವನ್ನು ಗಾಳಿಯಿಂದಲೇ ಹೀರಬಲ್ಲುದು. ಪಾಲಿಯೆಸ್ಟರ್ ಹೀರುವುದು 0.4ರಷ್ಟು. ಅಂತಹ ಎಳೆಯನ್ನು ದಪ್ಪನೆಯ ಎರಡು ಮುಖದ ಬಟ್ಟೆಯಾಗಿ ಹೆಣೆದು ತೊಟ್ಟರೆ ಬೆವರು ಎಲ್ಲಿಗೆ ಹೋಗಬೇಕು? ‘ಡಬಲ್ ಜೆರ್ಸಿ ಎಂದರೆ ಸೆಕೆ’ ಎಂಬ ಮಾತು ಹುಟ್ಟಲು ಇಷ್ಟು ಸಾಕು. ತಪ್ಪು ಹೆಣಿಗೆಯದೂ ಅಲ್ಲ, ಎಳೆಯದೂ ಅಲ್ಲ, ಎರಡರ ಹೊಂದಿಕೆಯದು. ನಮ್ಮ ರಾಯಚೂರು ಬಳ್ಳಾರಿಗಳ ಬೇಸಗೆಗೆ ಹಗುರವಾದ ಸಾದಾ ಹೆಣಿಗೆಯೇ ತಕ್ಕದ್ದು. ಎರಡು ಮುಖಗಳ ನಡುವೆ ನಿಶ್ಚಲವಾದ ಗಾಳಿಯನ್ನು ಹಿಡಿದಿಡುವ ಪುಂಟೊ ಅಲ್ಲಿ ಶಿಕ್ಷೆಯಾದೀತು, ಮಡಿಕೇರಿಯ ಚಳಿಯಲ್ಲಿ ಸುಖವಾದೀತು. ‘ದಪ್ಪ ಬಟ್ಟೆಯೇ ಒಳ್ಳೆಯ ಬಟ್ಟೆ’ ಎಂಬ ಅಂಗಡಿಯ ಮಾತಿನಲ್ಲಿ ಅರ್ಥವಿಲ್ಲ.

ಇನ್ನು ಚೀಟಿಯ ವಿಷಯ. ಮಂಡನ್ ಸಾದಾ ಹೆಣಿಗೆಯ ಉಣ್ಣೆ ಬಟ್ಟೆಗಳನ್ನು ಪರೀಕ್ಷಿಸಿ 1959ರಲ್ಲಿ ಪ್ರಕಟಿಸಿದ ನಿಯಮ ಬಹು ಸರಳವಾದುದು. ಎಳೆತವಿಲ್ಲದೆ ವಿಶ್ರಾಂತಿಯಲ್ಲಿರುವ ಬಟ್ಟೆಯ ಒಂದು ಚದರ ಸೆಂಟಿಮೀಟರಿನಲ್ಲಿರುವ ಕುಣಿಕೆಗಳ ಸಂಖ್ಯೆಯು ಕುಣಿಕೆಯ ಉದ್ದದ ವರ್ಗಕ್ಕೆ ವಿಲೋಮವಾಗಿರುವುದು. ಒಣಗಿದ ವಿಶ್ರಾಂತ ಸ್ಥಿತಿಯಲ್ಲಿ ನಿಯತಾಂಕ 19.0; ನೀರಿನಲ್ಲಿ ನೆನೆದು ವಿಶ್ರಮಿಸಿದ ಸ್ಥಿತಿಯಲ್ಲಿ 21.6. ಕುಣಿಕೆಯ ಉದ್ದ 0.3 ಸೆಂಟಿಮೀಟರಾದರೆ ಮೊದಲನೆಯ ಸ್ಥಿತಿಯಲ್ಲಿ 211 ಕುಣಿಕೆಗಳು, ಎರಡನೆಯದರಲ್ಲಿ 240. ಕುಣಿಕೆಗಳು ಹೊಸದಾಗಿ ಹುಟ್ಟಲಿಲ್ಲ. ಬಟ್ಟೆಯ ವಿಸ್ತೀರ್ಣ 100ರಿಂದ 88ಕ್ಕೆ ಇಳಿಯಿತು. ಒಗೆದ ಬಟ್ಟೆ ಕುಗ್ಗುವುದು ನೀರಿನ ದೋಷದಿಂದಲ್ಲ. ಯಂತ್ರವೂ ಸಂಸ್ಕರಣವೂ ಒತ್ತಾಯದಿಂದ ಹಿಗ್ಗಿಸಿಟ್ಟ ಕುಣಿಕೆ ತನ್ನ ಕನಿಷ್ಠ ಶಕ್ತಿಯ ಸ್ಥಿತಿಯತ್ತ ಮರಳುತ್ತಿರುವುದರಿಂದ. ರಿಬ್, ಇಂಟರ್‌ಲಾಕುಗಳಿಗೆ ನಿಯತಾಂಕಗಳು ಬೇರೆ, ತತ್ತ್ವ ಇದೇ.

ಬಟ್ಟೆಯನ್ನು ಅಳತೆಯ ಲೆಕ್ಕದಲ್ಲಿ ಮಾರುವವನಿಗೆ ಇದರಿಂದ ಒಂದು ಪ್ರಲೋಭನೆ ಉಂಟಾಗುವುದೆಂಬುದು ಸ್ಪಷ್ಟ. ತೇವದ ಬಟ್ಟೆಯನ್ನು ಅಗಲಕ್ಕೆ ಎಳೆದು, ಬಿಸಿಯ ಉರುಳೆಗಳ ನಡುವೆ ಒತ್ತಿ ಒಣಗಿಸಿದರೆ ಅದು ಸ್ವಲ್ಪಕಾಲ ಹಾಗೆಯೇ ನಿಲ್ಲುವುದು. ಅಷ್ಟೇ ನೂಲಿನಿಂದ ಹೆಚ್ಚು ಅಗಲ ದೊರೆಯಿತು! ಮೊದಲನೆಯ ಒಗೆತದಲ್ಲಿ ಆ ಹೆಚ್ಚಳ ಕೊಂಡವನ ಮನೆಯಲ್ಲಿ ಮಾಯವಾಗುವುದು. ವರ್ಷಕ್ಕೆ ಎರಡು ಜೊತೆ ಬಟ್ಟೆ ಕೊಳ್ಳುವ ಮನೆಯಲ್ಲಿ ಮಗನ ಅಂಗಿ ತಿಂಗಳೊಳಗೆ ಗಿಡ್ಡವಾದರೆ ಅದು ಲಘುವಾದ ಸಂಗತಿಯಲ್ಲ. ಅವನು ‘ಹತ್ತಿ ಕುಗ್ಗುತ್ತದೆ’ ಎಂದು ಎಳೆಯನ್ನು ಬೈದು ಸುಮ್ಮನಾಗುವನು. ಆದುದರಿಂದ ಚೀಟಿಯಲ್ಲಿ ಎಳೆಯ ಹೆಸರಿನೊಡನೆ ಹೆಣಿಗೆಯ ಬಗೆ, ಕುಣಿಕೆಯ ಉದ್ದ, ನೆನೆಸಿ ಒಣಗಿಸಿದ ಮೇಲಿನ ಅಗಲ ಈ ಮೂರೂ ಇರಬೇಕೆಂಬುದು ನನ್ನ ವಾದ. ಕೊಳ್ಳುವವರಿಗೆ ಇದೆಲ್ಲ ಅರ್ಥವಾಗದೆಂದು ಆಕ್ಷೇಪಿಸುವವರುಂಟು. ವಿದ್ಯುದ್ದೀಪದ ಮೇಲೆ ವಾಟು ಎಂದು ಮೊದಲು ಬರೆದಾಗಲೂ ಎಲ್ಲರಿಗೂ ಅರ್ಥವಾಗಿತ್ತೆ? ಬರೆದುದರಿಂದಲೇ ಅರ್ಥವಾಯಿತು. ಕುಣಿಕೆಯ ಉದ್ದವನ್ನು ಅಳೆಯುವ ಖರ್ಚಿನ ಮಾತೂ ನಿಲ್ಲದು. ನೂಲನ್ನು ಅಳೆದುಣಿಸುವ ಕಾರ್ಖಾನೆಗೆ ಆ ಸಂಖ್ಯೆ ಆಗಲೇ ಗೊತ್ತಿರುವುದು: ಸುತ್ತಿಗೆ ಉಣಿಸಿದ ನೂಲಿನ ಉದ್ದವನ್ನು ಹೆಣೆಯುವ ಸೂಜಿಗಳ ಸಂಖ್ಯೆಯಿಂದ ಭಾಗಿಸಿದರಾಯಿತು.

ಚೀಟಿ ಬದಲಾಗುವವರೆಗೆ ವಿದ್ಯಾರ್ಥಿಗಳು ಕಾಯಬೇಕಾದುದಿಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಸ್ಥಿತಿಸ್ಥಾಪಕತೆಯೆಂದರೆ ಉಕ್ಕಿನ ತಂತಿ ಎಂಬ ರೂಢಿ ಬಿದ್ದುಹೋಗಿದೆ. ಅಲ್ಲಿಯೇ, ಅದೇ ಆಧಾರಕ್ಕೆ, ಹಳೆಯ ಉಡುಪುಗಳಿಂದ ಕತ್ತರಿಸಿದ ಮೂರು ಪಟ್ಟಿಗಳನ್ನು ತೂಗಹಾಕಿ: ಟೀ ಶರಟಿನ ಮೈಯಿಂದ ಸಾದಾ ಹೆಣಿಗೆ, ಅದರ ಕೊರಳಿನಿಂದ ರಿಬ್, ಕೂಸಿನ ಅಂಗಿಯಿಂದ ಇಂಟರ್‌ಲಾಕ್. ಪ್ರತಿಯೊಂದೂ 2 ಸೆಂಟಿಮೀಟರು ಅಗಲ, 10 ಸೆಂಟಿಮೀಟರು ಉದ್ದವಿರಲಿ. ಕುಣಿಕೆಗಳ ಸಾಲು ಪಟ್ಟಿಯ ಉದ್ದಕ್ಕೆ ಬರುವಂತೆ ಕತ್ತರಿಸಬೇಕು. ಕೊರಳಪಟ್ಟಿಯನ್ನು ಮಡಿಸಿ ಹೊಲಿದಿದ್ದರೆ ಹೊಲಿಗೆ ಬಿಚ್ಚಿ ಒಂದೇ ಪದರವನ್ನು ತೆಗೆದುಕೊಳ್ಳಿ. ಕೆಳತುದಿಗೆ 10 ಗ್ರಾಂಗಳ ತೂಕಗಳನ್ನು ಒಂದೊಂದಾಗಿ ಸೇರಿಸುತ್ತ, ಪ್ರತಿಸಲವೂ ಒಂದು ನಿಮಿಷ ಕಾದು, ಉದ್ದವನ್ನು ಬರೆದುಕೊಳ್ಳಿ. ಸಾದಾ ಪಟ್ಟಿ ನಿಮ್ಮ ಕಣ್ಣೆದುರೇ ಸುರುಳಿಯಾಗಿ ಅಳತೆಗೆ ತೊಂದರೆ ಕೊಡುವುದು, ಅದನ್ನೂ ಬರೆಯಿರಿ. ರಿಬ್ಬಿನ ನಕ್ಷೆ ಹುಕ್‌ನ ನಿಯಮದ ಸರಳರೇಖೆಯಾಗಿರುವುದಿಲ್ಲ. ಮೊದಮೊದಲು ಸ್ವಲ್ಪ ತೂಕಕ್ಕೆ ಬಹಳ ಹಿಗ್ಗುವುದು, ಏಕೆಂದರೆ ಮರೆಯಲ್ಲಿದ್ದ ಕಂಬಗಳು ಹೊರಬರುತ್ತಿರುವುವು. ಅವು ಮುಗಿದಮೇಲೆ ಕುಣಿಕೆಗಳೇ ಆಕಾರ ಬದಲಿಸಬೇಕಾಗಿ ನಕ್ಷೆ ಕಡಿದಾಗಿ ತಿರುಗುವುದು. ಇಂಟರ್‌ಲಾಕಿನಲ್ಲಿ ಆ ಮೊದಲ ಭಾಗ ಬಹುಮಟ್ಟಿಗೆ ಇರುವುದಿಲ್ಲ.

ಬಳಿಕ ತೂಕಗಳನ್ನು ಒಂದೊಂದಾಗಿ ತೆಗೆಯಿರಿ. ಇಳಿಯುವ ನಕ್ಷೆ ಏರಿದ ದಾರಿಯಲ್ಲಿ ಹಿಂದಿರುಗುವುದಿಲ್ಲ. ಎರಡರ ನಡುವಿನ ಕ್ಷೇತ್ರಫಲ ನೂಲುಗಳ ಉಜ್ಜಾಟದಲ್ಲಿ ಶಾಖವಾಗಿ ಹೋದ ಶಕ್ತಿಯನ್ನು ತೋರಿಸುವುದು. ಎಲ್ಲ ತೂಕ ತೆಗೆದಮೇಲೂ ಪಟ್ಟಿ ಕೆಲವು ಮಿಲಿಮೀಟರು ಉದ್ದವಾಗಿಯೇ ಉಳಿಯುವುದು. ಆ ಪಟ್ಟಿಯನ್ನು ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ, ಹಿಂಡದೆ, ಚಪ್ಪಟೆಯಾಗಿ ಹರಡಿ ಒಣಗಿಸಿ, ಮರುದಿನ ಮತ್ತೆ ಅಳೆಯಿರಿ. ಘರ್ಷಣೆ ಹಿಡಿದಿಟ್ಟಿದ್ದ ಮಿಲಿಮೀಟರುಗಳಲ್ಲಿ ಹೆಚ್ಚಿನವನ್ನು ನೀರು ಬಿಡಿಸಿಕೊಟ್ಟಿರುವುದು.